ಶೇಂಗಾ ಮಿಲ್ಲೋ, ಹತ್ತಿ ಮಿಲ್ಲೋ

ಕಾಚಿಗೂಡದಲ್ಲಿ ರೈಲಿಳಿದು ಚಿಗವ್ವನನ್ನು ನೇರ ಶಂಶಾಬಾದಿಗೆ ಕರೆದುಕೊಂಡು ಬಂದೆ. ಸೇಡಂ ಕಡೆಯಿಂದ ದುಡಿಯಲು ಬಂದ ಅವಳು ಮದುವೆಗೆ ಮುಂಚೆ ಆರು ವರ್ಷ ಇಲ್ಲಿಯ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಆರಿಸಿದ್ದಳು. ನಾವೆಲ್ಲ ಆ ಮಿಲ್ಲಿನ ಕಥೆ ಕೇಳುತ್ತಲೇ ಬೆಳೆದವರು. ಈಗ ಅದನ್ನು ದುರಸ್ತಿ ಮಾಡಿ ಸಾಫ್ಟ್‌ವೇರ್ ಕಂಪನಿಯೊಂದು ಆಫೀಸು ಮಾಡಿಕೊಂಡಿದೆ.

ಗೇಟಿನ ಕಾವಲಿನವರು ಯಾದಗಿರಿಯವರು. ನಮ್ಮ ಮಾತು ಕೇಳಿದ್ದೇ ಒಳಗೆ ಬಿಟ್ಟರು. ಗಾಜಿನ ಬಾಗಿಲ ಪಕ್ಕದ ಫಲಕವನ್ನು ಚಿಗವ್ವನಿಗೆ ಓದಿ ಹೇಳಿದೆ: ನಿಜಾಮರ ಕಾಲದ ಹತ್ತಿ ಮಿಲ್ಲು.

"ಹತ್ತಿ ಅಲ್ಲ, ಶೇಂಗಾ," ಎಂದಳು.

ಒಳಗೆ ನಡುವೆಯೇ ಹತ್ತಿಯಿಂದ ಬೀಜ ಬಿಡಿಸುವ ಕಬ್ಬಿಣದ ಯಂತ್ರ ನಿಂತಿತ್ತು. ಚಿಗವ್ವ ಅದರ ಸುತ್ತ ಒಂದು ಸಲ ತಿರುಗಿದಳು. "ಇದು ಇಲ್ಲಿ ಇದ್ದಿಲ್ಲರಿ," ಎಂದು ಕಾವಲಿನವರಿಗೆ ಹೇಳಿದಳು.

"ಮೊನ್ನೆ ಲಾರಿಯೊಳಗ ತಂದು ಇಟ್ಟಾರವ್ವ, ಚಂದ ಕಾಣ್ಲಿ ಅಂತ. ಮೊದ್ಲು ಏನಿತ್ತೋ ನನಗೂ ಗೊತ್ತಿಲ್ಲ."

ಅವಳು ತಾನು ಕೂರುತ್ತಿದ್ದ ಮೂಲೆಯನ್ನು ಹುಡುಕತೊಡಗಿದಳು. ಕಿಟಕಿ ಎಡಕ್ಕಿತ್ತೋ ಬಲಕ್ಕಿತ್ತೋ ನೆನಪಾಗಲಿಲ್ಲ. ಕಂಪ್ಯೂಟರ್ ಮುಂದಿದ್ದವರು ತಲೆಯೆತ್ತಿ ನೋಡಿದರು. ಇದೇ ಆ ಮಿಲ್ಲೋ, ಊರಲ್ಲಿ ಇನ್ನೊಂದಿತ್ತೋ, ಯಾರನ್ನು ಕೇಳಬೇಕೆಂದು ನನಗೂ ಹೊಳೆಯಲಿಲ್ಲ.

ಹೊರಗೆ ಬಂದು ಆಟೋ ಹತ್ತಿದೆವು. ಚಿಗವ್ವ ನನ್ನ ಕಡೆ ನೋಡದೆಯೇ ಹೇಳಿದಳು: "ಕಲತವರು ಬರದಾರ ಅಂದ್ರ ಹತ್ತೀನೇ ಇದ್ದೀತು. ಇನ್ನ ಮನ್ಯಾಗ ಯಾರಿಗೂ ಶೇಂಗಾ ಅಂತ ಹೇಳಬ್ಯಾಡಪ್ಪ."