ಖಾಲಿ ತೊಟ್ಟಿಲು ತೂಗಿದ ಮಧ್ಯಾಹ್ನ

ಈಗಲೂ ಬೆನ್ನ ಹಿಂದೆ ಬೈಕೊಂದು ಗಕ್ಕನೆ ನಿಂತರೆ ನನ್ನ ಕೈ ತಾನಾಗಿ ಗೆಳತಿಯ ತೋಳು ಹುಡುಕುತ್ತದೆ. ಎಷ್ಟೋ ಸಲ ಅವಳು ಪಕ್ಕದಲ್ಲಿ ಇರುವುದೂ ಇಲ್ಲ. ತರಕಾರಿಯವರು "ಯಾಕಮ್ಮ, ಏನಾಯ್ತು?" ಅನ್ನುತ್ತಾರೆ. ಏನಿಲ್ಲ ಅಂದು ಬೇಡದ ಸೊಪ್ಪು ಕೊಂಡು ಬರುತ್ತೇನೆ.

ನಾವಿಬ್ಬರೂ ತೌಲನಿಕ ಸಾಹಿತ್ಯದ ಸಂಶೋಧಕಿಯರು. ಚಾಮರಾಜಪುರಂನಲ್ಲಿ ಒಂದೇ ಕೋಣೆ. ಅವಳು ಬಿಹಾರದವಳು, ಮನೆಮಾತು ಮೈಥಿಲಿ. ಕನ್ನಡ ಇಲ್ಲಿಗೆ ಬಂದ ಮೇಲೆ ಕಲಿತದ್ದು: ಅಂಗಡಿಗೆ ಸಾಕಾಗುವಷ್ಟು, ಜಗಳಕ್ಕೆ ಸಾಲದಷ್ಟು. ಅವಳ ವಿಷಯ ಜೋಗುಳ. ಕನ್ನಡದ್ದನ್ನೂ ತನ್ನ ಭಾಷೆಯದ್ದನ್ನೂ ಎದುರುಬದುರು ಇಟ್ಟು ನೋಡುವುದು. ಅಚ್ಚಾದ ಹಾಡುಗಳು ಸಾಲದೆಂದು ಹಾಡುವವರ ಮನೆಗೇ ಹೋಗುತ್ತಿದ್ದಳು. ಜೊತೆಗೆ ನಾನು.

ಅವತ್ತು ಹೋದದ್ದು ಹಿನಕಲ್‌ನ ಒಂದು ಮನೆಗೆ. ಅಲ್ಲಿನ ಅಜ್ಜಿ ಮೊಮ್ಮಗುವನ್ನು ತೂಗುತ್ತ ಹಾಡಿದರು, ಗೆಳತಿ ಫೋನಿನಲ್ಲಿ ಹಿಡಿದುಕೊಂಡಳು. ಮಗು ಎದ್ದಿತು, ಸೊಸೆ ಹಾಲು ಕುಡಿಸಲು ಒಳಗೆ ಎತ್ತಿಕೊಂಡು ಹೋದರು. ಅಜ್ಜಿ ಕಾಫಿ ಮಾಡಲು ಎದ್ದರು. ನನಗೆ ಮನೆಯಿಂದ ಕರೆ ಬಂತು, ಜಗಲಿಗೆ ಬಂದೆ. ಹಾಡಿನ ಸಾಲು ಮುಗಿಯುವುದಕ್ಕೂ ತೂಗು ಹಿಂದಿರುಗುವುದಕ್ಕೂ ಹೊಂದುತ್ತದೆಯೇ ಎಂದು ನೋಡಲು ಗೆಳತಿ ಫೋನಿನ ಹಾಡು ಹಾಕಿಕೊಂಡು ತೊಟ್ಟಿಲು ತೂಗಿದಳು. ಖಾಲಿ ತೊಟ್ಟಿಲು.

ನಮ್ಮ ಕಡೆ ಯಾರೂ ಹಾಗೆ ಮಾಡುವುದಿಲ್ಲ. ಮಗುವಿಗೆ ಕೇಡು ಅನ್ನುತ್ತಾರೆ. ನನ್ನಜ್ಜಿ ಖಾಲಿ ತೊಟ್ಟಿಲಿಗೆ ಕೈ ತಾಗಿದರೂ ಗದರುತ್ತಿದ್ದಳು.

ಬಾಗಿಲಿಗೆ ಬಂದ ಪಕ್ಕದ ಮನೆಯಾಕೆ ಅದನ್ನು ಕಂಡು ಚೀರಿದಳು. "ಅಯ್ಯೋ, ಯಾವಳೋ ಬಂದು ಖಾಲಿ ತೊಟ್ಲು ತೂಗ್ತಾವ್ಳೆ! ಮಗ ಎಲ್ಲಿ?"

ಅಷ್ಟೇ ಸಾಕಾಯಿತು. ಬೈಕುಗಳು ನಿಂತವು. ಇಳಿದವನೊಬ್ಬ ಒಳನುಗ್ಗಿ ಗೆಳತಿಯ ತೋಳು ಹಿಡಿದು ಬೀದಿಗೆ ಎಳೆದ. ಗಾಬರಿಯಲ್ಲಿ ಅವಳ ಬಾಯಿಂದ ಹಿಂದಿ ಬಂತು.

"ಮಕ್ಕಳ ಕಳ್ರು ತಿರುಗ್ತಾವ್ರೆ ಅಂತ ಗ್ರೂಪಲ್ಲಿ ಬಂದಿರ್ಲಿಲ್ವಾ? ಇವಳೇ ಕಣ್ರೋ!"

"ಫೋನು ಕಿತ್ಕೊ. ಮನೆಯೆಲ್ಲಾ ವಿಡಿಯೋ ಮಾಡವ್ಳೆ."

ನಾನು ನಡುವೆ ನುಗ್ಗಿದೆ. "ಅವಳು ನನ್ನ ಜೊತೆಯವಳು. ನಾವು ತೌಲನಿಕ ಸಾಹಿತ್ಯ ಓದೋರು..."

"ಅದ್ಯಾವ ಕಂಪನಿ?"

ಯಾರೋ ನಕ್ಕರು. ನಗದೆ ನಿಂತಿದ್ದ ಒಬ್ಬನ ಕೈಯಲ್ಲಿ ಕ್ರಿಕೆಟ್ ಬ್ಯಾಟಿತ್ತು. ಸೊಸೆ ಮಗುವನ್ನೆತ್ತಿಕೊಂಡು ಬಂದು ತೋರಿಸಿದರೂ ಅವನು ಬ್ಯಾಟು ಇಳಿಸಲಿಲ್ಲ. ನಾನು ನೋಡುತ್ತಿದ್ದದ್ದು ಅದನ್ನೊಂದನ್ನೇ.

ಅಜ್ಜಿ ಕೂಗಾಡುತ್ತ ಹೊರಬಂದರು. "ಕರ್ಸಿದ್ದು ನಾನು ಕಣ್ರೋ, ಬುಡ್ರೋ ಅವಳನ್ನ!" ಯಾರೂ ಬಿಡಲಿಲ್ಲ. "ಅಜ್ಜೀನೂ ಮರುಳು ಮಾಡವ್ರೆ" ಎಂದಿತು ಒಂದು ದನಿ. ಅಜ್ಜಿಗೂ ಸಿಟ್ಟು ಬಂದಿತ್ತು, ಗೆಳತಿಯ ಮೇಲೆಯೇ. ಗದ್ದ ಹಿಡಿದೆತ್ತಿ ಕೇಳಿದರು: "ಏನೇ, ನಿಮ್ ಕಡೆ ಖಾಲಿ ತೊಟ್ಲು ತೂಗ್ತಾರೇನೇ?"

"ನಮ್ಮ ಮನೇಲಿ ತೊಟ್ಟಿಲು ಇಲ್ಲ ಅಜ್ಜಿ."

"ಇನ್ನೆಂಗೆ ಮಲಗಿಸ್ತೀರಾ?"

ಅವಳಿಗೆ ಕನ್ನಡ ಸಿಗಲಿಲ್ಲ. ಎಲ್ಲರ ಕಾಲಿನ ನಡುವೆ ಬೀದಿಯಲ್ಲೇ ಕುಕ್ಕರಿಸಿದಳು. ಹೊಡೆದೇಬಿಟ್ಟರು ಅಂದುಕೊಂಡೆ. ಅವಳು ಕಾಲು ಚಾಚಿ ಜೋಡಿಸಿ, ಇಲ್ಲದ ಮಗುವನ್ನು ಕಾಲುಗಳ ಮೇಲೆ ಮಲಗಿಸಿದಂತೆ ಮಾಡಿ, ಕಾಲು ತೂಗುತ್ತ ಹಾಡತೊಡಗಿದಳು. ದನಿ ಎರಡು ಸಲ ಕಡಿಯಿತು.

"ಅಯ್ಯೋ ನೋಡ್ರೇ," ಚೀರಿದ್ದ ಪಕ್ಕದ ಮನೆಯಾಕೆಯೇ ಅಂದಳು, "ನಮ್ಮವ್ವ ಮಗಿಗೆ ನೀರು ಹಾಕುವಾಗ ಇಂಗೇ ಕಾಲು ಚಾಚ್ಕೊಂಡು ಕೂರ್ತಿದ್ಲು!"

"ಇಲ್ಲಿ ನೀರು ಹಾಕೋಕೆ, ಅಲ್ಲಿ ಮಲಗಿಸೋಕೆ" ಎಂದರು ಅಜ್ಜಿ. "ತೊಟ್ಲೇ ಇಲ್ದೋಳಿಗೆ ಖಾಲಿ ತೊಟ್ಲಿನ ಸುದ್ದಿ ಎಂಗೆ ಗೊತ್ತಾದೀತು? ಏಳವ್ವ, ಮೇಲೇಳು."

ಹೆಂಗಸರು ನಕ್ಕರು. ಬ್ಯಾಟು ಕೆಳಗಿಳಿಯಿತು.

ಸಾಹಿತ್ಯ ಅವಳನ್ನು ಉಳಿಸಿತು ಎಂದು ಬರೆಯಲು ನನ್ನ ಕೈ ಒಪ್ಪುವುದಿಲ್ಲ. ಆ ಹೆಂಗಸಿಗೆ ಅವ್ವನ ಕಾಲು ನೆನಪಾಗದಿದ್ದರೆ? ಅಜ್ಜಿ ಆ ಹೊತ್ತಿಗೆ ಮನೆಯಲ್ಲೇ ಇರದಿದ್ದರೆ? ಈ ಪ್ರಶ್ನೆಗಳು ಬಸ್ಸಿನಲ್ಲಿ, ಗ್ರಂಥಾಲಯದಲ್ಲಿ, ಹಲ್ಲುಜ್ಜುವಾಗ ಬರುತ್ತವೆ. ಆದರೂ ಒಂದು ಮಾತು ನಿಜ. ನಾವು ತರಗತಿಯಲ್ಲಿ ಎರಡು ಭಾಷೆಗಳ ಪದಗಳನ್ನು ಅಕ್ಕಪಕ್ಕ ಇಟ್ಟು ತೂಗುತ್ತಿದ್ದೆವು. ಹಾಡು ಹುಟ್ಟಿದ್ದು ತೊಟ್ಟಿಲ ಹಗ್ಗದ ಮೇಲೋ ಕಾಲ ಮೇಲೋ ಎಂದು ಕೇಳಿರಲಿಲ್ಲ. ಅಜ್ಜಿ ಸಿಟ್ಟಿನಲ್ಲೂ ಮೊದಲು ಕೇಳಿದ್ದು ಅದನ್ನೇ: ನಿಮ್ಮ ಕಡೆ ಹೇಗೆ? ಇಷ್ಟು ಭಾಷೆಗಳು ಒಂದೇ ಬೀದಿಯಲ್ಲಿ ಓಡಾಡುವ ಈ ಊರಿನಲ್ಲಿ ಅದನ್ನು ಕೇಳುವ ಮೊದಲೇ ಕೈ ಎತ್ತುವವರು ಇದ್ದಾರೆ. ನನ್ನ ಓದು ಯಾತಕ್ಕೆ ಎಂದು ಯಾರಾದರೂ ಕೇಳಿದರೆ ಈಗ ಇಷ್ಟು ಹೇಳಬಲ್ಲೆ: ಆ ಪ್ರಶ್ನೆ ಸ್ವಲ್ಪ ಬೇಗ ಬಾಯಿಗೆ ಬರಲಿ ಎಂದು.

ಮಾರ್ಗದರ್ಶಕರು ಹೆದರಿದ್ದಾರೆ. "ಮನೆಮನೆಗೆ ಹೋಗೋದು ಬೇಡಮ್ಮ, ಅಚ್ಚಾದವನ್ನೇ ಇಟ್ಕೊಂಡು ಮುಗಿಸಿ" ಅಂದರು. ಗೆಳತಿ ತಲೆಯಾಡಿಸಿ ಬಂದು, ಕೋಣೆಯಲ್ಲಿ ಬ್ಯಾಗು ತುಂಬತೊಡಗಿದಳು. ಅವನು ಹಿಡಿದೆಳೆದ ತೋಳಿನ ಮೇಲೆ ಕಲೆ ಇನ್ನೂ ಹಸಿರಾಗಿತ್ತು.

"ಎಲ್ಲಿಗೆ?"

"ಭಾನುವಾರ ಹಿನಕಲ್. ಅಜ್ಜಿ ನೀರು ಹಾಕುವಾಗ ಹಾಡ್ತಾರಂತೆ. ಅದು ಯಾವ ಪುಸ್ತಕದಲ್ಲೂ ಇಲ್ಲ."

"ಹುಚ್ಚೇನೇ ನಿಂಗೆ?"

"ನೀನು ಬರಬೇಡ. ನಿನಗೆ ಭಯ."

ನಿಜ, ಭಯ. ಆದರೂ ಭಾನುವಾರ ಹೋಗುತ್ತೇನೆ. ಅವಳೊಬ್ಬಳನ್ನೇ ಕಳಿಸಿ ಈ ಕೋಣೆಯಲ್ಲಿ ಫೋನು ನೋಡುತ್ತ ಕೂರುವುದು ನನ್ನಿಂದ ಆಗುವುದಿಲ್ಲ.