ರಬ್ಬರಿನ ಸಂದಿಗೆ ಸಿಮೆಂಟು

ನಮ್ಮ ವಿಭಾಗದ ಮುಖ್ಯಸ್ಥರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವ ಇರಾದೆಯೂ ಇಲ್ಲ.

ಎಂಬತ್ತರ ದಶಕದ ನಡುವೆ ಬನಶಂಕರಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಸಿವಿಲ್ ವಿಭಾಗಕ್ಕೆಲ್ಲ ನಾನೊಬ್ಬಳೇ ಹೆಂಗಸು. ಎತ್ತರದ ಕಟ್ಟಡವನ್ನು ನೆಲಕ್ಕೆ ಬಿಗಿಯದೆ, ತಳದಲ್ಲಿ ರಬ್ಬರಿನ ದಪ್ಪ ಪ್ಯಾಡುಗಳನ್ನಿಟ್ಟು ಕೂರಿಸಿದರೆ, ಭೂಕಂಪದಲ್ಲಿ ನೆಲ ಕುಲುಕಿದರೂ ಗೋಡೆ ಬಿರುಕು ಬಿಡದೆಂದು ತೋರಿಸುವುದು ನನ್ನ ಸಂಶೋಧನೆ.

"ಬೆಂಗ್ಳೂರು ಬಂಡೆ ಮೇಲೆ ಕೂತಿದೆ ಕಣಮ್ಮ. ಇಲ್ಲಿ ಎಂಥ ಭೂಕಂಪ? ಸುಮ್ನೆ ಹುಡುಗರಿಗೆ ಡ್ರಾಯಿಂಗ್ ಹೇಳ್ಕೊಡು" ಎನ್ನುತ್ತಿದ್ದರು ಮುಖ್ಯಸ್ಥರು. ಭೂಮಿಯೆಲ್ಲ ಬೆಂಗಳೂರೇ ಅಂದುಕೊಂಡಿದ್ದ ಮಹಾನುಭಾವ!

ಜೆ.ಪಿ. ನಗರದ ಟೈರ್ ರೀಟ್ರೆಡಿಂಗ್ ಅಂಗಡಿಯವರನ್ನು ಗೋಗರೆದು ಪ್ಯಾಡು ಮಾಡಿಸಿದೆ. ಕಾಲೇಜಿನ ಹಿಂದೆ, ಹಳಿಯ ಮೇಲಿನ ಕಬ್ಬಿಣದ ಟ್ರಾಲಿಯಲ್ಲಿ, ಆ ಪ್ಯಾಡುಗಳ ಮೇಲೆ, ನನ್ನೆತ್ತರದ ನಾಲ್ಕಂತಸ್ತಿನ ಇಟ್ಟಿಗೆ ಮಾದರಿ ಎದ್ದಿತು. ಹಗ್ಗಕ್ಕೆ ನೇತುಬಿಟ್ಟ ಮರದ ದಿಮ್ಮಿ ಬಂದು ಟ್ರಾಲಿಗೆ ಗುದ್ದಿದರೆ ಅದೇ ಭೂಕಂಪ. ಸಂಶೋಧನೆ ಮುಂದುವರಿಯಬೇಕೋ ಬೇಡವೋ ಎಂದು ತೀರ್ಮಾನಿಸಲು ಸಮಿತಿಯವರು ಬರುವವರಿದ್ದರು. ಗೋಡೆ ಒಡೆದರೆ ನನ್ನ ಕೆಲಸಕ್ಕೆ ಅಲ್ಲಿಗೇ ಎಳ್ಳುನೀರು.

ಆ ಬೆಳಿಗ್ಗೆ ಹೋಗಿ ನೋಡುತ್ತೇನೆ, ರಬ್ಬರ್ ಕಾಣುತ್ತಲೇ ಇಲ್ಲ! ಮಾದರಿಗೂ ಟ್ರಾಲಿಗೂ ನಡುವಿನ ಸಂದಿಗೆ ಸುತ್ತಲೂ ಸಿಮೆಂಟ್ ಮೆತ್ತಿ, ರೆಡ್ ಆಕ್ಸೈಡ್ ಬಳಿದು, ಮೇಲೊಂದು ರಂಗೋಲಿ ಬೇರೆ. ಅಲುಗಾಡಬೇಕಾದದ್ದನ್ನು ಬಿಗಿದು ಕೂರಿಸಿದ್ದರು.

"ಯಾರು ಸಾರ್ ಮಾಡಿಸಿದ್ದು?"

"ನಾನೇ. ದೊಡ್ಡೋರು ಬರ್ತಾರೆ, ಸಂದಿ ಬಿಟ್ರೆ ಅಸಹ್ಯವಾಗಿ ಕಾಣಲ್ವೇನಮ್ಮ?"

ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಸಮಿತಿಯವರ ಕಾರು ಗೇಟಿನೊಳಗೆ ಬಂತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಉಳಿ ಸುತ್ತಿಗೆ ಹಿಡಿದು ನೆಲದಲ್ಲೇ ಕೂತೆ.

"ಮರ್ಯಾದೆ ತೆಗೀತೀಯಾ? ಎದ್ದೇಳಮ್ಮಾ!" ಎಂದು ಮುಖ್ಯಸ್ಥರು ಹಲ್ಲು ಕಚ್ಚಿದರು.

ಏಳಲಿಲ್ಲ. ಸಮಿತಿಯವರು ಬಂದು ಪಕ್ಕದಲ್ಲೇ ನಿಂತರು. ನಿಲ್ಲಲಿ! ಇನ್ನೂ ಗಟ್ಟಿಯಾಗದ ಸಿಮೆಂಟನ್ನೆಲ್ಲ ಕಿತ್ತು ಹಾಕಿದ ಮೇಲೆ ದಿಮ್ಮಿ ಬಿಟ್ಟೆ. ಟ್ರಾಲಿ ಧಡಾರನೆ ಸರಿಯಿತು. ಮಾದರಿ ರಬ್ಬರಿನ ಮೇಲೆ ಹಿಂದೆ ಮುಂದೆ ತೂಗಿ ನಿಂತಿತು. ಕೂದಲೆಳೆಯಷ್ಟೂ ಬಿರುಕಿಲ್ಲ.

"ವೆರಿ ಗುಡ್. ಯಾರದು ಈ ಐಡಿಯಾ?" ಎಂದು ಸಮಿತಿಯ ಹಿರಿಯರು ಕೇಳಿದ್ದು ನನ್ನನ್ನಲ್ಲ, ಮುಖ್ಯಸ್ಥರನ್ನು.

"ನಮ್ಮ ಡಿಪಾರ್ಟ್‌ಮೆಂಟಿಂದೇ ಸಾರ್" ಎಂದು ಇವರು ಹಲ್ಲು ಗಿಂಜಿದರು.

"ರಬ್ಬರ್ ನಂದು ಸಾರ್" ಎಂದೆ, ಸುತ್ತಿಗೆ ಕೆಳಗಿಡದೆ. "ಸಿಮೆಂಟ್ ಇವರದು."

ಸಂಶೋಧನೆ ಉಳಿಯಿತು. ಮುಖ್ಯಸ್ಥರು ನಿವೃತ್ತರಾಗುವವರೆಗೂ ನನ್ನೊಡನೆ ಮಾತಾಡಲಿಲ್ಲ. ಅಷ್ಟು ನೆಮ್ಮದಿಯಾಗಿ ನಾನು ಆ ಕಾಲೇಜಿನಲ್ಲಿ ಯಾವತ್ತೂ ಕೆಲಸ ಮಾಡಿರಲಿಲ್ಲ.