ದಂಡೆ ಕಾಣುವ ತನಕ

ಊರಿಗೆ ಹೊರಟವರು ರೈಲಿಗಿಂತ ಬಹಳ ಮೊದಲೇ ಸ್ಟೇಷನ್ನಿಗೆ ಹೋಗಿ, ಹೋಲ್ಡಾಲಿನ ಮೇಲೆ ಕೂತುಬಿಡುತ್ತಿದ್ದ ಕಾಲ ಅದು. ರೈಲು ತಡವಾಗಿ ಬರಬಹುದಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಸರಿಯಾದ ಹೊತ್ತಿಗೆ ಬಂದು, ಸೇಡಂನಲ್ಲಿ ಅಜ್ಜಿ ಒಂದು ಕಾಲು ಒಳಗಿಟ್ಟಾಗಲೇ ಬಿಟ್ಟುಬಿಡಬಹುದಿತ್ತು. ನಮ್ಮ ಸೀಟಿನಲ್ಲಿ ಬೇರೆಯವರು ಕೂತಿರಬಹುದಿತ್ತು, ಅವರ ಹತ್ತಿರವೂ ಅದೇ ನಂಬರಿನ ಟಿಕೆಟ್ ಇರಬಹುದಿತ್ತು. ಮುಂಬಯಿಯಲ್ಲಿ ಟ್ಯಾಕ್ಸಿಯವನು ನಮ್ಮನ್ನು ಸ್ಟೀಮರು ಹತ್ತುವ ಧಕ್ಕೆ ಬಿಟ್ಟು ಬೇರೆ ಯಾವುದೋ ಧಕ್ಕೆಗೆ ಒಯ್ದು ಇಳಿಸಬಹುದಿತ್ತು. ಸ್ಟೀಮರು ನಮ್ಮನ್ನು ಬಿಟ್ಟು ಹೋಗಬಹುದಿತ್ತು, ಇಲ್ಲವೆ ಹತ್ತಿಸಿಕೊಂಡು ಮುಳುಗಬಹುದಿತ್ತು. ನನ್ನ ತಮ್ಮ ಸ್ಟೀಮರಿನ ಅಂಚಿನ ಕಟಾಂಜನದ ಸರಳುಗಳ ಸಂದಿಯಲ್ಲಿ ತಲೆ ತೂರಿಸಿ ಸಿಕ್ಕಿಹಾಕಿಕೊಳ್ಳಬಹುದಿತ್ತು. ಹೈದರಾಬಾದಿನ ಮನೆಯ ನಲ್ಲಿ ತೆರೆದೇ ಉಳಿದಿರಬಹುದಿತ್ತು.

ಇವೆಲ್ಲ ಅಪ್ಪನ ಚಿಂತೆಗಳು. ಆಸ್ತಿಯೆಂದು ಅವನು ಬಿಟ್ಟುಹೋದದ್ದರಲ್ಲಿ ಇವಷ್ಟೇ ತಕರಾರಿಲ್ಲದೆ ನನ್ನ ಪಾಲಿಗೆ ಬಂದವು. ಐವತ್ತು ದಾಟಿದ ಮೇಲೂ ಬೀಗ ಹಾಕಿ ಗೇಟಿನ ತನಕ ಹೋದವಳು ತಿರುಗಿ ಬಂದು ಬೀಗ ಜಗ್ಗಿ ನೋಡುತ್ತೇನೆ. ಮಕ್ಕಳು ನಗುತ್ತಾರೆ. ನಗಲಿ, ಅವರ ಪಾಲಿಗೂ ಬರುತ್ತದೆ.

ಅಪ್ಪನದು ಹೈದರಾಬಾದಿನಲ್ಲಿ ಸರಕಾರಿ ನೌಕರಿ. ಕೆಲವು ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಎಲ್ಲಿಗಾದರೂ ಹೋಗಿಬರಲು ಆಫೀಸಿನಿಂದ ಎಲ್‌ಟಿಸಿ ಸಿಗುತ್ತಿತ್ತು. ಅವನ ಜೊತೆಯವರೆಲ್ಲ ತಿರುಪತಿಗೋ ದಿಲ್ಲಿಗೋ ಹೋಗುವವರು. ನಾನು ಐದನೇ ಇಯತ್ತೆಯಲ್ಲಿದ್ದ ಆ ಚಳಿಗಾಲ, ಮನೆಯ ನೀರಿನ ಟಾಕಿಯ ಮುಚ್ಚಳಕ್ಕೂ ಕಲ್ಲು ಹೇರುತ್ತಿದ್ದ ನಮ್ಮ ಅಪ್ಪ, ಮುಂಬಯಿಯಿಂದ ಪಣಜಿಗೆ ಸ್ಟೀಮರಿನಲ್ಲಿ ಹೋಗುವುದೆಂದು ನಿಶ್ಚಯಿಸಿದ. ಯಾಕೆಂದು ಯಾರಿಗೂ ತಿಳಿಯಲಿಲ್ಲ. ಹೆದರುಪುಕ್ಕರಿಗೆ ಹೀಗೆ ಒಮ್ಮೊಮ್ಮೆ ತಮ್ಮ ಮೇಲೆ ತಮಗೇ ಸಿಟ್ಟು ಬರುತ್ತದೆ ಎಂದು ಈಗ ಅನಿಸುತ್ತದೆ.

ಹೈದರಾಬಾದಿನಿಂದ ಮುಂಬಯಿಗೆ ಹೋಗುವ ಹಳಿಗಳನ್ನು ನಮ್ಮ ಬಳಗದವರ ಮನೆ ಕೇಳಿಕೊಂಡೇ ಹಾಸಿದ ಹಾಗಿತ್ತು. ಸೇಡಂನಲ್ಲಿ ಅಪ್ಪನ ತಾಯಿ ಅಜ್ಜಿ, ಚಿತ್ತಾಪುರದಲ್ಲಿ ಅಮ್ಮನ ತವರು, ವಾಡಿಯಲ್ಲಿ ಅಪ್ಪನ ಕಾಕಾನ ಮನೆ, ಶಹಾಬಾದಿನಲ್ಲಿ ಅತ್ತೆ. ನಮ್ಮವರ ರೈಲು ಊರ ಮೇಲೆ ಹಾದುಹೋಗುತ್ತದೆಂದರೆ ಬುತ್ತಿ ಕಟ್ಟಿಕೊಂಡು ಸ್ಟೇಷನ್ನಿಗೆ ಬರಲೇಬೇಕು. ಬರದಿದ್ದರೆ ಅದೊಂದು ತಪ್ಪು. ತಿಳಿಸದೆ ಹಾದುಹೋದರೆ ಇನ್ನೂ ದೊಡ್ಡ ತಪ್ಪು, ಮುಂದಿನ ಮದುವೆ ಮುಂಜಿವೆಗಳಲ್ಲೆಲ್ಲ ಅದೇ ಮಾತು. ಹಾಗಿದ್ದೂ ಅಪ್ಪ ಈ ಸಲ ಯಾರಿಗೂ ತಿಳಿಸುವುದು ಬೇಡವೆಂದ. ಸಮುದ್ರದ ಮಾತೆತ್ತಿದರೆ ವೈಷ್ಣವರ ಮನೆಗಳಲ್ಲಿ ಶಾಸ್ತ್ರ ಹೊರಬರುತ್ತದೆಂದು ಅವನಿಗೆ ಗೊತ್ತಿತ್ತು. ಅಜ್ಜಿಗೊಬ್ಬಳಿಗೆ ಮಾತ್ರ ಕಾಗದ ಬರೆದ. ಅಜ್ಜಿಗೆ ಬರೆದರೆ ಸೇಡಂನಿಂದ ಚಿಂಚೋಳಿಯ ತನಕ ಡಂಗುರ ಸಾರಿದ ಹಾಗೆ ಎಂಬುದನ್ನು ಅವನ ಚಿಂತೆಗಳು ಹೇಗೋ ಮರೆತಿದ್ದವು.

ಅಜ್ಜಿ ಪಕ್ಕದ ಮನೆಯ ಮಾಸ್ತರರಿಂದ ಎರಡೇ ಸಾಲು ಬರೆಸಿ ಹಾಕಿದಳು. ನಾನೂ ಆಗಬೋಟಿನಲ್ಲಿ ಬರುತ್ತೇನೆ, ನನಗೆ ಸಮುದ್ರದಲ್ಲಿ ಕೆಲಸವಿದೆ.

ಕೆಲಸ ಏನೆಂದು ಆಮೇಲೆ ತಿಳಿಯಿತು. ಅಜ್ಜಿ ಹುಟ್ಟಿದ್ದು ಮಳಖೇಡದಲ್ಲಿ, ಕಾಗಿಣಾ ಹೊಳೆಯ ದಂಡೆಗೆ. ಈ ನೀರು ಎಲ್ಲಿಗೆ ಹೋಗುತ್ತದೆಂದು ಹುಡುಗಿಯಾಗಿದ್ದಾಗ ಕೇಳಿದ್ದಳಂತೆ, ಸಮುದ್ರಕ್ಕೆ ಎಂದು ಯಾರೋ ಹೇಳಿದ್ದರಂತೆ. ಆ ಉತ್ತರದ ಮೇಲೆ ಅವಳಿಗೆ ಪೂರಾ ಭರವಸೆ ಬಂದಿರಲಿಲ್ಲ. ಈಗ ಒಂದು ತಂಬಿಗೆ ಕಾಗಿಣಾ ನೀರು ತಾನೇ ಒಯ್ದು ಸಮುದ್ರಕ್ಕೆ ಮುಟ್ಟಿಸಿ ಬರುವವಳು.

ಮಧ್ಯಾಹ್ನದ ರೈಲು. ನಾನೂ ತಮ್ಮನೂ ಹುಣಸೆಬೀಜ ಪಣಕ್ಕಿಟ್ಟು, ಯಾವ ಸ್ಟೇಷನ್ನಿನಲ್ಲಿ ಯಾರು ಏನು ತರುತ್ತಾರೆಂದು ಆಡುತ್ತಿದ್ದೆವು. ಯಾರೂ ಬರುವುದಿಲ್ಲ, ಯಾರಿಗೂ ಗೊತ್ತಿಲ್ಲ ಎಂದು ಅಪ್ಪ ಹೇಳುತ್ತಲೇ ಇದ್ದ. ಸೇಡಂ ಬಂತು. ಪ್ಲಾಟ್‌ಫಾರ್ಮಿನ ಮೇಲೆ ಅಜ್ಜಿ, ಮಡಿ ಬಟ್ಟೆಯ ಗಂಟು, ಬಾಯಿಗೆ ಬಟ್ಟೆ ಕಟ್ಟಿದ ಎರಡು ತಾಮ್ರದ ತಂಬಿಗೆಗಳು. ಒಂದರಲ್ಲಿ ಕುಡಿಯಲು ಮನೆಯ ಬಾವಿಯ ನೀರು, ಇನ್ನೊಂದರಲ್ಲಿ ಕಾಗಿಣಾ. ಅಜ್ಜಿಯ ಹಿಂದೆ ಕೊಡೆ ಹಿಡಿದುಕೊಂಡು, ಧೋತರ ಎತ್ತಿ ಕಟ್ಟಿಕೊಂಡು ಚಿಂಚೋಳಿ ಮಾಮಾ.

ಈ ಮಾಮಾ ಅಜ್ಜಿಯ ತಮ್ಮ. ಚಿಂಚೋಳಿಯ ಗುಡಿಯಲ್ಲಿ ಪೂಜೆ ಅವನದು. ತಾಯಿ ತೀರಿಕೊಂಡ ಮೇಲೆ ಅಜ್ಜಿಯೇ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ನಮ್ಮ ಅಜ್ಜನ ಶ್ರಾದ್ಧಕ್ಕೆ ಪ್ರತಿ ವರ್ಷ ಬಂದು ಮೊದಲ ಎಲೆಗೆ ಕೂಡುವವನು ಅವನೇ. ಅವನು ಕೂತು ಉಂಡರೇ ಅಜ್ಜಿಗೆ ಆ ದಿನ ಮುಗಿದ ಹಾಗೆ. ವಾಡಿಯ ತನಕ ಟಿಕೆಟ್ ತೆಗೆಸಿಕೊಂಡೇ ಅವನು ಹತ್ತಿದ್ದ. ಅಕ್ಕನನ್ನು ವಾಡಿಯಲ್ಲಿ ಇಳಿಸಿಕೊಂಡು ತಿರುಗಿ ಕರೆದುಕೊಂಡು ಬರುವುದು ಅವನ ಲೆಕ್ಕ.

ರೈಲು ಬಿಟ್ಟ ಕೂಡಲೇ ಮಾಮಾ ಅಪ್ಪನ ಕಡೆ ನೋಡದೆ, ಕಿಟಕಿಯ ಕಡೆ ನೋಡುತ್ತ ಶುರುಮಾಡಿದ. ಸಮುದ್ರ ದಾಟುವುದು ನಮಗೆ ಹೇಳಿದ್ದಲ್ಲ, ದಾಟಿದವರಿಗೆ ಪ್ರಾಯಶ್ಚಿತ್ತವಿದೆ, ಈ ವಯಸ್ಸಿನಲ್ಲಿ ಅದನ್ನು ಮಾಡಿಸಿಕೊಳ್ಳುವ ಶಕ್ತಿ ಯಾರಿಗಿದೆ ಎಂದೆಲ್ಲ. ಅಜ್ಜಿ ಗಂಟು ಬಿಚ್ಚಿ ದಶಮಿ ತೆಗೆದಳು. ಹಿಟ್ಟನ್ನು ನೀರಿನ ಬದಲು ಹಾಲಿನಲ್ಲಿ ಕಲಸಿ ಮಾಡುವ ರೊಟ್ಟಿ ಅದು, ಪ್ರಯಾಣದಲ್ಲಿ ಮೈಲಿಗೆಯಾಗುವುದಿಲ್ಲ. ಬಳ್ಳೊಳ್ಳಿ ಹಾಕದ ಶೇಂಗಾ ಹಿಂಡಿಯ ಜೀರಿಗೆ ವಾಸನೆ ರೈಲು ಡಬ್ಬಿಯ ತುಂಬ ಹರಡಿತು.

“ನಿನ್ನ ಅಳಿಯ ದುಬೈಕ್ಕ ಹೋದ್ನಲ್ಲ, ಅದೇನು ಭೀಮಾ ಹೊಳಿ ದಾಟಿ ಹೋದ್ನೇನು?” ಎಂದಳು ಅಜ್ಜಿ.

“ಅಂವ ಇಮಾನದಾಗ ಹೋಗ್ಯಾನಕ್ಕ. ಇಮಾನ ನೀರು ಮುಟ್ಟಂಗಿಲ್ಲ.”

ಅಪ್ಪ ನಗಲು ಹೋಗಿ ಕೆಮ್ಮಿದ. ಮಳಖೇಡ ರೋಡ್ ಸ್ಟೇಷನ್ ಹಿಂದೆ ಸರಿಯಿತು. ತೊಗರಿ ಹೊಲಗಳ ಆಚೆ ಎಲ್ಲೋ ಹೊಳೆ ಇದ್ದಿರಬೇಕು. ಅಜ್ಜಿ, ಮಾಮಾ ಇಬ್ಬರೂ ಆ ಕಡೆಗೇ ನೋಡಿದರು. ಆಮೇಲೆ ಮಾಮಾ ತನ್ನ ಹತ್ತಿರವಿದ್ದ ದೊಡ್ಡ ಅಸ್ತ್ರ ತೆಗೆದ. ಕಾಗಿಣಾ ಹೋಗುವುದು ಮೂಡಣ ಸಮುದ್ರಕ್ಕೆ, ಇವರು ನಿನ್ನನ್ನು ಕರೆದೊಯ್ಯುತ್ತಿರುವುದು ಪಡುವಣ ಸಮುದ್ರಕ್ಕೆ. ನನ್ನ ಭೂಗೋಳದ ಪುಸ್ತಕದಲ್ಲೂ ಹಾಗೇ ಇತ್ತು. ನಾನು ಹೌದೆಂದು ತಲೆಯಾಡಿಸಿದೆ, ಅಮ್ಮ ತೊಡೆ ಚಿವುಟಿದಳು.

ಅಜ್ಜಿ ಅಗಿಯುವುದನ್ನು ನಿಲ್ಲಿಸಲಿಲ್ಲ. “ಸಮುದ್ರ ಎಲ್ಲಾ ಒಂದಽ ಅಲ್ಲೇನೋ? ಒಳಗೇನು ನಡಕ ಗ್ವಾಡಿ ಕಟ್ಟ್ಯಾರೇನು?”

ನನ್ನ ಪುಸ್ತಕದಲ್ಲಿ ಅಂಥ ಗೋಡೆ ಇರಲಿಲ್ಲ. ಮಾಮಾ ಕೊನೆಯ ಮಾತನ್ನು ಹೇಳಿಯೇಬಿಟ್ಟ. ದನಿ ಏರಿಸಲಿಲ್ಲ, ಅದಕ್ಕೇ ಎಲ್ಲರಿಗೂ ಕೇಳಿಸಿತು.

“ನೀ ದಾಟಿ ಬಂದ್ರ ನಾ ನಿಮ್ಮ ಮನ್ಯಾಗ ಎಲಿಗೆ ಕುಂದ್ರಂಗಿಲ್ಲಕ್ಕ. ಭಾವಾರ ಶ್ರಾದ್ಧಕ್ಕ ಬ್ಯಾರೆಯವರನ್ನ ನೋಡ್ಕೋ.”

ಅಜ್ಜಿ ಕೈಯಲ್ಲಿದ್ದ ತುತ್ತನ್ನು ಗಂಟಿನ ಬಟ್ಟೆಯ ಮೇಲೆ ಇಟ್ಟಳು. ಬೇಡ ಬಿಡು ಅವ್ವಾ, ವಾಡಿಯಲ್ಲಿ ಎಲ್ಲರೂ ಇಳಿದುಬಿಡೋಣ ಎಂದ ಅಪ್ಪ. ಅವನ ಮುಖದಲ್ಲಿ ಒಂದಿಷ್ಟು ಸಮಾಧಾನವೂ ಇತ್ತು. ಇಳಿದುಬಿಟ್ಟರೆ ಟ್ಯಾಕ್ಸಿ, ಧಕ್ಕೆ, ಮುಳುಗುವುದು ಎಲ್ಲ ಒಂದೇ ಸಲಕ್ಕೆ ಬಗೆಹರಿಯುತ್ತಿತ್ತಲ್ಲ.

ಅಷ್ಟರಲ್ಲಿ ಚಿತ್ತಾಪುರ ಬಂತು. ಗೊತ್ತೇ ಇಲ್ಲವೆಂದು ಅಪ್ಪ ಹೇಳಿದವರೆಲ್ಲ ಬಂದಿದ್ದರು. ಅಮ್ಮನ ತವರಿನವರು ಕಿಟಕಿಯ ಸರಳುಗಳ ನಡುವಿನಿಂದ ಸುಸಲಾ, ಹೋಳಿಗೆ, ಕಡಕ ರೊಟ್ಟಿಯ ಪೊಟ್ಟಣಗಳನ್ನು ತೂರಿಸುತ್ತಿದ್ದರು. ಅಜ್ಜಿ ಎದ್ದು ಕಿಟಕಿಗೆ ಹೋಗಿ ಬೀಗರನ್ನು ಮಾತಾಡಿಸಿದಳು. ತಮ್ಮ ನನಗೆ ಹುಣಸೆಬೀಜ ಸೋತ. ಈ ಗದ್ದಲದಲ್ಲಿ, ಸೇಡಂನಿಂದ ಬಾಯಿ ಮುಚ್ಚದೆ ಗಂಟಲು ಒಣಗಿಸಿಕೊಂಡಿದ್ದ ಮಾಮಾ ಅಮ್ಮನಿಗೆ ನೀರು ಕೇಳಿದ. ಸ್ಟೇಷನ್ನಿನ ನಲ್ಲಿ ನೀರು ಅವನು ಕುಡಿಯುವುದಿಲ್ಲ, ನಮ್ಮ ಹೈದರಾಬಾದಿನ ನೀರಂತೂ ದೂರವೇ. ಅಮ್ಮ ಒಂದು ಕೈಯಲ್ಲಿ ಹೋಳಿಗೆ ಇಸಿದುಕೊಳ್ಳುತ್ತ ಇನ್ನೊಂದು ಕೈಯಿಂದ ಅಜ್ಜಿಯ ತಂಬಿಗೆ ಕೊಟ್ಟಳು. ಅವನು ಎತ್ತಿ ಹಿಡಿದು ಗಟಗಟನೆ ತಳದ ತನಕ ಕುಡಿದ. ಅಮ್ಮ ಮತ್ತೆ ಬಟ್ಟೆ ಕಟ್ಟಿ ಸೀಟಿನ ಕೆಳಗಿಟ್ಟಳು.

ವಾಡಿಯಲ್ಲಿ ರೈಲು ಬಹಳ ಹೊತ್ತು ನಿಲ್ಲುತ್ತಿತ್ತು. ಸಂಜೆಯ ಬಿಸಿಲು ಸಿಮೆಂಟಿನ ಧೂಳಿನಲ್ಲಿ ಬೆಳ್ಳಗಾಗಿತ್ತು. ಕಾಕಾನ ಮನೆಯವರೂ ಬುತ್ತಿ ಹಿಡಿದು ನಿಂತಿದ್ದರು. ಮಾಮಾ ಅಜ್ಜಿಯ ಗಂಟು ಎತ್ತಿಕೊಂಡು ನಡೆ ಎಂಬಂತೆ ನಿಂತ. ಅಜ್ಜಿ ಏಳಲಿಲ್ಲ.

“ನಾ ಒಂದು ಕೇಳ್ತೀನಿ, ನೀ ಓದಿದಾಂವ ಹೇಳು. ದಂಡಿ ಕಾಣೂತನಕ ದಾಟಿದಂಗಲ್ಲ, ಹೌದಿಲ್ಲೋ?”

ಮಾಮಾ ಯೋಚಿಸಿದ. ನಿಜವಾಗಿಯೇ ಯೋಚಿಸಿದ, ಹಣೆಗೆ ಗೆರೆ ಬಂದವು. ಆಗಬೋಟು ದಂಡೆ ಹಿಡಿದೇ ಹೋಗುತ್ತದೇನು ಎಂದು ಮೊದಲ ಸಲ ಅಪ್ಪನನ್ನು ಕೇಳಿದ. ಹೌದೆಂದ ಅಪ್ಪ, ಹಾಗೆ ಹೋಗದಿದ್ದರೆ ತಾನೂ ಹತ್ತುವವನಲ್ಲ ಎಂಬ ದನಿಯಲ್ಲಿ.

“ಕಾಣೂತನಕ ದೋಷ ಇಲ್ಲಕ್ಕ,” ಎಂದ ಮಾಮಾ.

“ಹಂಗಿದ್ರ ಗಂಟು ಇಡು. ದಂಡಿ ಮ್ಯಾಲಿನ ಕಣ್ಣು ತೆಗಿಯಂಗಿಲ್ಲ ನಾ. ನಿನ್ನಾಣಿ.”

ಮಾಮಾ ಗಂಟು ಇಟ್ಟು ಇಳಿದ. ರೈಲು ಅಲುಗಿದಾಗ ಕಿಟಕಿಯ ಜೊತೆಗೇ ನಾಲ್ಕು ಹೆಜ್ಜೆ ಬಂದು ಹೇಳಿದ. “ಅಕ್ಕಾ, ಎಡಕ್ಕ ಕುಂದ್ರು. ಹೋಗೂವಾಗ ದಂಡಿ ಎಡಕ್ಕಿರ್ತದ.”

ಅಂದರೆ ಚಿಂಚೋಳಿಯಿಂದ ಹೊರಡುವ ಮೊದಲೇ ಯಾರನ್ನೋ ಕೇಳಿಕೊಂಡು ಬಂದಿದ್ದ.

ಶಹಾಬಾದಿನಲ್ಲಿ ಅತ್ತೆಯ ಬುತ್ತಿಯೂ ಸೇರಿದ ಮೇಲೆ ನಮಗೆ ಕಾಲಿಡಲು ಜಾಗ ಉಳಿಯಲಿಲ್ಲ. ಇಡೀ ಡಬ್ಬಿಗೆ ಹಂಚಿದೆವು. ಬೆಳಿಗ್ಗೆ ಮುಂಬಯಿ. ಟ್ಯಾಕ್ಸಿಯವನು ಸರಿಯಾದ ಧಕ್ಕೆಗೇ ಒಯ್ದ. ಮೀನಿನ ನಾತಕ್ಕೆ ಅಜ್ಜಿ ಸೆರಗು ಮೂಗಿಗೆ ಹಿಡಿದು, ಹಲಗೆಯ ಮೇಲೆ ನಡೆದು, ಯಾರ ಕೈಯನ್ನೂ ಹಿಡಿಯದೆ ಸ್ಟೀಮರು ಹತ್ತಿದಳು. ಸೀಟು ಇತ್ತು. ತಮ್ಮನ ತಲೆ ಕಟಾಂಜನದ ಸಂದಿಯಲ್ಲಿ ಹಿಡಿಸುವಂಥದ್ದೇ ಆಗಿರಲಿಲ್ಲ. ಚಿಂತಿಸಿದ್ದರಲ್ಲಿ ಒಂದೂ ಆಗದಿದ್ದುದರಿಂದ ಅಪ್ಪ ಇನ್ನಷ್ಟು ಚಿಂತೆಗೆ ಬಿದ್ದ.

ಹೋದ ವರ್ಷ ಮಕ್ಕಳು ಮುಂಬಯಿಯಿಂದ ಹೊರಡುವ ಕ್ರೂಜ್ ಹಡಗಿಗೆ ಟಿಕೆಟ್ ಮಾಡಿಸಿದ್ದರು. ಹೈದರಾಬಾದಿನಿಂದ ಅದೇ ಹಳಿ. ಏಸಿ ಡಬ್ಬಿಯ ಕಂದು ಗಾಜಿನಾಚೆ ಸೇಡಂ ಹೋಯಿತು, ಚಿತ್ತಾಪುರ ಹೋಯಿತು, ಕಿಟಕಿ ತೆರೆಯುವಂತಿರಲಿಲ್ಲ. ಬಳಗದ ವಾಟ್ಸಾಪ್ ಗುಂಪಿನಲ್ಲಿ ಮಗಳು ನಮ್ಮ ಫೋಟೋ ಹಾಕಿದ್ದಳು. ವಾಡಿಯಲ್ಲಿ ಕಾಕಾನ ಮನೆ ಇನ್ನೂ ಇದೆ, ಮೊಮ್ಮಕ್ಕಳಿದ್ದಾರೆ. ಅಲ್ಲಿಂದ ‘ಹ್ಯಾಪಿ ಜರ್ನಿ’ ಬಂತು. ರೈಲು ಆಗ ಅವರ ಮನೆಯಿಂದ ಕೂಗಳತೆಯಲ್ಲಿ ನಿಂತಿತ್ತು. ಅವರದು ತಪ್ಪೆನ್ನುವಂತಿಲ್ಲ, ನಾವೂ ಇಳಿದು ಕೂಗಲಿಲ್ಲ. ಚಿಂಚೋಳಿಯಿಂದ ಯಾರೂ ಟಿಕೆಟ್ ತೆಗೆಸಿಕೊಂಡು ಬಂದು, ಹೋಗಬೇಡ ಎನ್ನಲಿಲ್ಲ. ಎಡಕ್ಕೆ ಕುಂದ್ರು ಎಂದೂ ಹೇಳಲಿಲ್ಲ. ಎಲ್ಲ ಸರಾಗವಾಗಿ ಆಯಿತು. ನಾನು ಹಡಗಿನ ಏಳನೇ ಮಾಳಿಗೆಯಲ್ಲಿ ನಿಂತು, ಮನೆಯ ಬೀಗ ಹಾಕಿದ್ದೇನೋ ಇಲ್ಲವೋ ಎಂದು ಯೋಚಿಸುತ್ತಿದ್ದೆ.

ಅಂದು ಸ್ಟೀಮರಿನಲ್ಲಿ ಮಾತ್ರ ಅಜ್ಜಿ ಎಡಕ್ಕೇ ಕೂತಿದ್ದಳು. ಮಧ್ಯಾಹ್ನದ ತನಕ ಗುಡ್ಡ, ತೆಂಗು, ಬಿಳಿಯ ಗುಡಿ ಒಂದೊಂದೇ ಕಾಣುತ್ತಿದ್ದವು. ಆಮೇಲೆ ಮಂಜು ಮುಸುಕಿ ದಂಡೆ ಅಳಿಸಿಹೋಯಿತು.

“ಅಜ್ಜಿ, ದಂಡಿ ಕಾಣವಲ್ದು,” ಎಂದೆ ನಾನು, ಅಪ್ಪನ ಮಗಳು.

“ನನಗ ಕಾಣಲಿಕತ್ತದ. ನೀ ಸುಮ್ನಿರು.”

ಎರಡೂ ಕಣ್ಣಿಗೆ ಪೊರೆ ಬಂದು, ಸೇಡಂನಲ್ಲಿ ತನ್ನ ಅಂಗಳದ ತುಳಸಿಕಟ್ಟೆಯನ್ನು ಕೈಯಾಡಿಸಿ ಹುಡುಕುತ್ತಿದ್ದವಳು ಅವಳು. ಮಾಮಾ ಮುಂದಿನ ಶ್ರಾದ್ಧಕ್ಕೆ ಬಂದು, ದಂಡೆ ಕಾಣುತ್ತಿತ್ತೇನು ಎಂದು ಕೇಳಿದ. ಕಾಣುತ್ತಿತ್ತು ಎಂದಳು ಅವಳು. ಅವನು ಮೊದಲ ಎಲೆಗೆ ಕೂತ.

ಇಷ್ಟೆಲ್ಲ ಸರಿಹೋದ ಮೇಲೆ ತಪ್ಪಿದ್ದು ಒಂದೇ. ಆ ಮಂಜಿನಲ್ಲಿ ಅಜ್ಜಿ ಎದ್ದು, ಕಟಾಂಜನಕ್ಕೆ ಆತು ನಿಂತು, ಕಾಗಿಣಾದ ತಂಬಿಗೆ ತಾ ಎಂದಳು. ಕೊಟ್ಟೆ. ಬಟ್ಟೆ ಬಿಚ್ಚಿ ಬಗ್ಗಿಸಿದಳು. ಏನೂ ಬೀಳಲಿಲ್ಲ. ಕೈ ಹಾಕಿ ನೋಡಿದಳು. ಅಮ್ಮನಿಗೆ ಆಗ ನೆನಪಾಯಿತು. ಎರಡೂ ಒಂದೇ ನಮೂನಿ ಇದ್ದವರೀ ಅತ್ಯಾ, ಚಿತ್ತಾಪುರದಾಗ ಮಾಮಾ ಅವರು ನೀರು ಕೇಳಿದ್ರು, ಎಂದಳು.

ಅಜ್ಜಿ ಬರಿದಾದ ತಂಬಿಗೆಯನ್ನು ಹಿಡಿದುಕೊಂಡು, ಕಾಣದ ದಂಡೆಯ ಕಡೆ ನೋಡುತ್ತ ನಿಂತಳು.

“ಹೋಗಬ್ಯಾಡ ಅಂತ ಹೇಳ್ಲಿಕ್ಕೆ ಬಂದಾಂವ, ಹೊಳಿನಽ ಕುಡುದು ಇಳದು ಹೋದ ನೋಡು.”